ಅಮ್ಮನ ಬೇರೆ ಒಲೆ

ನಮ್ಮಮ್ಮ ಕೆರಿಯಮ್ಮನಿಗೆ ವೃದ್ಧಾಪ್ಯ ವೇತನ ಕೊಡಿಸಲು ಹೋಗಿ ನನ್ನ ಮಾನ ಸರ್ಕಾರಿ ಕಡತ ಸೇರಿತು. (ಈಗಲೂ ಅಲ್ಲೇ ಇದೆ.)

ಆಸೆ ಅಮ್ಮನದೇ. “ಕೋಣಂದೂರಿಗೆ ಮಗಳ ಮನೆಗೆ ಹೋಗ್ಬೇಕಾದ್ರೆ ಎರಡು ಡಜನ್ ಬಾಳೆಹಣ್ಣಿಗೂ ನಿನ್ನ ಮುಂದೆ ಕೈ ಚಾಚ್ಬೇಕಲ್ಲ ನಿರಂಜನ. ನಂದು ಅಂತ ನಾಕು ಕಾಸು ಬ್ಯಾಡ್ವಾ?” ಎಂದಿದ್ದಳು. ನಾನೇನು ಇಲ್ಲವೆನ್ನುವ ಮಗನಲ್ಲ. ಆದರೆ ಕೊಡುವ ಮೊದಲು “ಎಷ್ಟು?” ಎನ್ನುತ್ತೇನೆ. ಅದು ಅವಳಿಗೆ ಚುಚ್ಚುತ್ತಿತ್ತಂತೆ.

ಹೊಸನಗರದಲ್ಲಿ ಅರ್ಜಿ ಬರೆದುಕೊಡುವ ಕನ್ನಪ್ಪ ತಲೆ ಕೆರೆದುಕೊಂಡ. “ನೀವು ಗೊಬ್ಬರದಂಗಡಿ ಗುಮಾಸ್ತ್ರು, ಮನೆಯವ್ರು ಟೀಚರ್. ಅಮ್ಮ ನಿಮ್ಮ ಒಲೇಲೇ ಉಂಡ್ರೆ ನಿಮ್ಮ ಸಂಬಳಾನೂ ಲೆಕ್ಕಕ್ಕೆ ಬರ್ತದೆ. ಒಲೆ ಬೇರೆ ತೋರ್ಸಿ. ಮನೆ ನೋಡೋಕೆ ಬರ್ತಾರೆ.”

ಅಂದೇ ಪಕ್ಕದ ಕೋಣೆಯಲ್ಲಿ ಒಂಟಿ ಬರ್ನರಿನ ಸ್ಟೌವ್, ನಾಲ್ಕು ಪಾತ್ರೆ ಜೋಡಿಸಿ ಸ್ವತಂತ್ರ ಸಂಸ್ಥಾನವೊಂದನ್ನು ಸ್ಥಾಪಿಸಿದೆ. ಹಿತ್ತಿಲಿಂದ ಬಂದ ಅಮ್ಮ ಬಾಗಿಲಲ್ಲೇ ನಿಂತುಬಿಟ್ಟಳು.

“ನನ್ನ ಒಲೆ ಬೇರೆ ಮಾಡಿದ್ರಾ? ನಾ ಎಂತ ತಪ್ಪು ಮಾಡ್ದೆ?”

ಹೆಂಡತಿ ಸುಚಿತ್ರಾ ಓಡಿಬಂದು ಅವಳ ಕೈ ಹಿಡಿದುಕೊಂಡಳು. “ಅಯ್ಯೋ ಅತ್ತೆ, ಇದು ಬರೀ ತೋರ್ಸೋಕೆ, ಪಿಂಚಣಿಗೆ!” ನನ್ನತ್ತ ತಿರುಗಿ, “ಮೊದ್ಲೇ ಹೇಳ್ಬಾರ್ದಿತ್ತಾ? ತಲೇಲಿ ಎಂತ ಇದೆ ನಿಮಗೆ?” ಎಂದಳು. (ಸಂಸ್ಥಾಪಕರಿಗೆ ಸಿಗುವ ಗೌರವ ಇಷ್ಟೇ.)

ಮದುವೆಯಾಗಿ ಬಂದ ವರ್ಷವೇ ಸುಚಿತ್ರಾ “ಒಲೆ ಮುಂದೆ ಬೆಂದಿದ್ದು ಸಾಕು” ಎಂದು ಪ್ರೀತಿಯಿಂದಲೇ ಅತ್ತೆಯನ್ನು ಅಡಿಗೆಮನೆಯಿಂದ ನಿವೃತ್ತಿಗೊಳಿಸಿದ್ದಳು. ಹತ್ತು ವರ್ಷ ಸುಮ್ಮನಿದ್ದ ಆ ಕೈ ಈಗ ಎದುರಿಗೇ ಒಲೆ ಕಂಡ ಮೇಲೆ ಸುಮ್ಮನಿರಲಿಲ್ಲ. ಮೂರನೇ ದಿನ ಒಣ ಸೀಗಡಿ ಹುರಿದ ವಾಸನೆ ಗಡಿ ದಾಟಿ ನಮ್ಮ ಉಪ್ಪಿಟ್ಟಿನ ತಟ್ಟೆಯವರೆಗೂ ಬಂತು. ರುಚಿ ನೋಡಿ ಬರುತ್ತೇನೆಂದು ಹೋದ ಸುಚಿತ್ರಾ ಹಿಂತಿರುಗಲಿಲ್ಲ. ಕರೆಯಲು ಹೋದ ನಾನೂ ಹಿಂತಿರುಗಲಿಲ್ಲ. ಎರಡು ವಾರದಲ್ಲಿ ನಮ್ಮ ಗ್ಯಾಸ್ ಕಟ್ಟೆಯ ಮೇಲೆ ಬೆಕ್ಕು ಮಲಗತೊಡಗಿತು.

ಗ್ರಾಮ ಆಡಳಿತಾಧಿಕಾರಿ ಸೀತಾರಾಮಪ್ಪನವರು ವಿಚಾರಣೆಗೆ ಬಂದಾಗ ನಾವಿಬ್ಬರೂ ಅಮ್ಮನ ಒಲೆಯೆದುರು ಚಕ್ಕಳಮಕ್ಕಳ ಹಾಕಿ ಕೂತಿದ್ದೆವು. ನನ್ನ ಬಾಯಲ್ಲಿ ಕಡುಬಿದ್ದುದರಿಂದ ಸಮಜಾಯಿಷಿ ಹೊರಬರಲಿಲ್ಲ.

“ಇವ್ರು ದಿನಾ ಇಲ್ಲೇ ಉಣ್ಣೋದಾ ಅಮ್ಮ?”

“ಮತ್ತೆ? ಬೆಳಿಗ್ಗೆ ಎದ್ದು ಕೆಲ್ಸಕ್ಕೆ ಓಡೋ ಮಕ್ಳು. ನಾ ಹಾಕ್ದಿದ್ರೆ ಯಾರು ಹಾಕ್ತಾರೆ? ನೀವೂ ಕೂತ್ಕಳಿ, ಬಿಸಿ ಇದೆ” ಎಂದಳು ಅಮ್ಮ. ಅಷ್ಟು ಹೆಮ್ಮೆಯ ದನಿಯನ್ನು ನಾನು ಕೇಳಿ ವರ್ಷಗಳಾಗಿದ್ದವು.

ಅವರು ಕಡುಬು ತಿಂದು, ಕೈ ತೊಳೆದು ಬರೆದರು: “ಅರ್ಜಿದಾರರ ಒಲೆ ಬೇರೆ ಇರುವುದು ನಿಜ. ಆದರೆ ಉದ್ಯೋಗಸ್ಥ ಮಗ ಹಾಗೂ ಸೊಸೆ ಅರ್ಜಿದಾರರನ್ನೇ ಅವಲಂಬಿಸಿರುತ್ತಾರೆ.”

ಅರ್ಜಿ ತಿರಸ್ಕೃತವಾಯಿತು. ಅಮ್ಮನ ಮುಖ ಚಿಕ್ಕದಾಯಿತು. ಆಗ ಸುಚಿತ್ರಾ ತೀರ್ಪು ಕೊಟ್ಟಳು. “ಸರ್ಕಾರ ಕೊಡ್ದಿದ್ರೆ ಬ್ಯಾಡ. ಒಂದನೇ ತಾರೀಕು ನಮ್ಮಿಬ್ರ ಊಟದ ದುಡ್ಡು ಅತ್ತೆ ಕೈಗೆ ಇಡಿ. ಎಷ್ಟು ಅಂತ ಕೇಳ್ಬೇಡಿ, ಅವ್ರೇ ಹೇಳ್ತಾರೆ.”

ಅಮ್ಮ ಹೇಳಿದ ಮೊತ್ತ ವೃದ್ಧಾಪ್ಯ ವೇತನದ ಎರಡರಷ್ಟಿತ್ತು.

ಕಳೆದ ವಾರ ಬಾಳೆಹಣ್ಣಿನ ಚೀಲ ಹಿಡಿದು ಕೋಣಂದೂರಿನ ಬಸ್ಸು ಹತ್ತಿದ ಅಮ್ಮ ಕಿಟಕಿಯಿಂದ ನನ್ನ ಕೈಗೆ ನೋಟು ತುರುಕಿದಳು. “ನಾ ಬರೋ ತನಕ ಇಬ್ರೂ ಹೋಟ್ಲಲ್ಲಿ ಉಣ್ಣಿ. ಉಪಾಸ ಬೀಳ್ಬ್ಯಾಡಿ.”

“ಎಷ್ಟಮ್ಮ ಇದು?”

“ಎಷ್ಟು ಅಂತ ಕೇಳ್ಬ್ಯಾಡ ಅಂದಿಲ್ವಾ?”

ಬಸ್ಸು ಹೊರಟಿತು. ಸೀತಾರಾಮಪ್ಪನವರು ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.