ಸೋಫಾ ಬರೆದ ಪರೀಕ್ಷೆ

ನನ್ನ ಹೆಂಡತಿಗೆ ಜಾಗತಿಕ ಸ್ಪರ್ಧೆಯ ಮೇಲೆ ಎಳ್ಳಷ್ಟೂ ನಂಬಿಕೆಯಿಲ್ಲ. ಮಗಳು ಹೈಸ್ಕೂಲಿನಲ್ಲಿ ಉನ್ನತ ಗಣಿತದ ಕೋರ್ಸಿಗೆ ಸೇರಿದ್ದನ್ನು ನಾನು ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಅಳತೆ ತೆಗೆಯುತ್ತಲೇ ಹೇಳಿ ಮುಗಿಸಿದ್ದೇನೆ. (ನಾನು ದರ್ಜಿ. ಕುತ್ತಿಗೆಗೆ ಟೇಪು ಸುತ್ತಿದ ಮೇಲೆ ಗಿರಾಕಿ ಓಡುವುದಾದರೂ ಎಲ್ಲಿಗೆ?) ಇವಳದು ಮಾತ್ರ ಒಂದೇ ರಾಗ.

"ಓದಿ ಓದಿ ಹುಡುಗಿ ಕಣ್ಣು ಗುಳಿಬಿದ್ದಿದೆ. ಬಿಡಿಸಿ ಆ ಕೋರ್ಸು, ಮಾಮೂಲಿ ಗಣಿತ ಸಾಕು."

"ಪ್ರಪಂಚದ ಮಕ್ಕಳೆಲ್ಲ ಮುಂದೆ ಓಡ್ತಿದಾರೆ ಕಣೇ!"

"ಓಡ್ಲಿ. ಆ ಲೆಕ್ಕದಿಂದ ನಮ್ಮನೆಗಾಗೋ ಒಂದು ಉಪಯೋಗ ತೋರಿಸಿ ನೋಡೋಣ."

ಆಗ ನನ್ನ ಮಹಾಮಸ್ತಿಷ್ಕದಲ್ಲಿ ಸೋಫಾ ಹೊಳೆಯಿತು. ನಾವು ನೋಡಿಟ್ಟಿದ್ದ ಮೂರಾಳಿನ ಸೋಫಾ ನಮ್ಮ ಬಾಗಿಲಲ್ಲಿ ಹಿಡಿಸುತ್ತದೋ ಇಲ್ಲವೋ ಮಗಳು ಲೆಕ್ಕ ಹಾಕಿ ಹೇಳಲಿ. ಅವಳ ಲೆಕ್ಕ ತಪ್ಪಿದರೆ ಕೋರ್ಸು ಬಿಡಿಸೋಣ ಎಂದು ಪಂಥ ಕಟ್ಟಿಬಿಟ್ಟೆ. ಮಗಳ ಮುಖ ಬಿಳಿಚಿತು. ಆ ಕೋರ್ಸೆಂದರೆ ಅವಳಿಗೆ ಪ್ರಾಣ.

"ಅಪ್ಪಾ, ಬಾಗಿಲಿನ ಅಳತೆ ನಾನೇ ತಗೋತೀನಿ."

"ಊರಿಗೆಲ್ಲ ಅಳತೆ ತೆಗೆಯೋನು ನಾನಿರೋವಾಗ ನಿನಗ್ಯಾಕೆ ತೊಂದರೆ ಪುಟ್ಟೀ?"

ನಾನು ಅಳೆದು ಹೇಳಿದೆ. ಅವಳು ಹಾಳೆ ತುಂಬ ತ್ರಿಕೋನ ಬರೆದು, "ಓರೆ ಮಾಡಿದ್ರೆ ಒಂದು ಬೆರಳು ಜಾಗ ಉಳಿಸ್ಕೊಂಡು ಬರತ್ತೆ" ಎಂದಳು.

ಸೋಫಾ ಬಂತು. ಓರೆಯೂ ಆಯಿತು. ಬಾಗಿಲಲ್ಲಿ ಕಚ್ಚಿಕೊಂಡೂ ಬಿಟ್ಟಿತು. ಒಳಗಿನಿಂದ ಎಳೆಯುತ್ತಿದ್ದ ನಾನು ಒಳಗೇ ಬಂದಿಯಾದೆ.

"ಮುಗೀತಾ ಜಾಗತಿಕ ಸ್ಪರ್ಧೆ?" ಹೊರಗಿನಿಂದ ಹೆಂಡತಿ ಕೇಳಿದಳು.

ಮಗಳ ಕಣ್ಣಲ್ಲಿ ನೀರು. ಅವಳು ಸಂದಿಯಲ್ಲಿ ಕೈಚಾಚಿ ನನ್ನ ಕೊರಳಿನ ಟೇಪು ಎಳೆದುಕೊಂಡು ಬಾಗಿಲು ಅಳೆದಳು. ಮತ್ತೊಮ್ಮೆ ಅಳೆದಳು.

"ಅಪ್ಪಾ, ನೀನು ಹೇಳಿದ್ದಕ್ಕಿಂತ ಬಾಗಿಲು ಎರಡು ಬೆರಳು ಕಮ್ಮಿ ಇದೆ!"

"ಹೇಗೆ ಕಮ್ಮಿಯಿರತ್ತೆ? ಸರಿಯಾಗಿ ಅಳೆದು, ಎಲ್ಲರ ಅಂಗಿಗೂ ಬಿಡೋ ಹಾಗೇ ಎರಡು ಬೆರಳು ಸಡಿಲ ಸೇರಿಸಿ..." ಎನ್ನುತ್ತಿದ್ದವನು ಅಲ್ಲೇ ನಿಲ್ಲಿಸಿದೆ.

"ಬಾಗಿಲೇನು ಹಬ್ಬದೂಟ ಮಾಡಿ ದಪ್ಪ ಆಗತ್ತೇನ್ರೀ?" ಎಂದು ಇವಳು ಮೆಟ್ಟಿಲ ಮೇಲೆ ಕುಸಿದು ಕೂತು ನಕ್ಕಳು.

ಮಗಳು ನಿಂತಲ್ಲೇ ಮತ್ತೆ ಲೆಕ್ಕ ಹಾಕಿ, ಸೋಫಾದ ಕಾಲು ಬಿಚ್ಚಿಸಿದಳು. ಮಹಾರಾಣಿಯಂತೆ ಒಳಗೆ ಬಂತು. "ಕೋರ್ಸು ಬಿಡಬೇಡ ಮಗಳೇ, ಪರೀಕ್ಷೆಗೂ ಕಟ್ಟು, ನಿನ್ನ ಲೆಕ್ಕ ಸರಿಯಾಗೇ ಇತ್ತು" ಎಂದು ಮೆಟ್ಟಿಲ ಮೇಲಿನ ನ್ಯಾಯಾಧೀಶೆ ತೀರ್ಪು ಕೊಟ್ಟಳು. ನನಗೆ ಕುಣಿಯುವಷ್ಟು ಸಂತೋಷವಾಯಿತು.

ಮೊನ್ನೆ ಸೋಫಾಕ್ಕೆ ಕವರು ಹೊಲಿಯೋಣವೆಂದು ಹುರುಪಿನಿಂದ ಟೇಪು ಬಿಚ್ಚಿದೆ.

"ಸ್ವಲ್ಪ ತಡೀರಿ" ಎಂದಳು ಹೆಂಡತಿ. "ಪುಟ್ಟಿ ಸ್ಕೂಲಿಂದ ಬಂದು ಅಳತೆ ತಗೊಳ್ಳಲಿ. ನೀವು ಹೊಲಿದರೆ ಸಾಕು."