ಆನೆ ಓಡಿಸುವ ಯಂತ್ರದ ವ್ಯಾಜ್ಯ

ವಕೀಲನೆಂದರೆ ಕೊಲೆ, ದರೋಡೆ ಕೇಸುಗಳಲ್ಲಿ ಮೇಜು ಗುದ್ದುವವನು ಎಂದು ಜನ ನಂಬಿರುವ ತನಕ ನನ್ನಂಥವನಿಗೆ ಮರ್ಯಾದೆ ಸಿಗುವುದು ಕಷ್ಟ. ತಮಿಳುನಾಡಿನ ಹೊಸೂರಿನಲ್ಲಿ ಕೂತು ಇಪ್ಪತ್ತು ವರ್ಷಗಳಿಂದ ಗ್ರಾಹಕರ ಪರ ವಾದಿಸುತ್ತಿದ್ದೇನೆ. ತಣ್ಣಗಾಗದ ಫ್ರಿಜ್ಜು, ಬಿಸಿಯಾಗದ ಗೀಸರು, ಬೋರ್ಡು ಸಮೇತ ಮಾಯವಾದ ಚೀಟಿ ಕಂಪನಿ, ಇವೇ ನನ್ನ ಕಕ್ಷಿದಾರರ ಸಂಕಟಗಳು. ನಮ್ಮ ಮಾವನವರಂತೂ ನೆಂಟರಿಗೆ ನನ್ನನ್ನು, “ಅಳಿಯಂದಿರು ರಿಪೇರಿ ಲೈನಲ್ಲಿದಾರೆ” ಎಂದೇ ಪರಿಚಯಿಸುತ್ತಾರೆ.

ಇಂಥ ನನ್ನ ಬಳಿಗೆ ಡೆಂಕಣಿಕೋಟೆ ಕಡೆಯ ಮುನಿಯಮ್ಮ ಒಂದು ದಿನ ಕಬ್ಬಿಣದ ಡಬ್ಬಿಯೊಂದನ್ನು ಕಂಕುಳಲ್ಲಿ ಇರುಕಿಕೊಂಡು ಬಂದರು. ಆನೆ ಓಡಿಸುವ ಯಂತ್ರ. ಗುಂಡಿ ಒತ್ತಿದರೆ ಹುಲಿಯಂತೆ ಘರ್ಜಿಸುತ್ತದೆಂದು ಹೇಳಿ ಅಂಗಡಿಯವನು ಮಾರಿದ್ದ.

“ಓಡೋಯ್ತಾ ಆನೆ?” ಎಂದೆ.

“ಎಲ್ಲಿ ಸ್ವಾಮಿ! ಇದು ಕೂಗ್ತಿದ್ದಂಗೇ ಕಾಡಂಚಿಂದ ಹೊಲಕ್ಕೇ ಬಂದ್ಬುಡ್ತು. ಕಿವಿ ಆಡಿಸ್ಕಂಡು ಒಸಿ ಹೊತ್ತು ಕೇಳ್ತು. ಆಮ್ಯಾಕೆ ಅರ್ಧ ಎಕರೆ ರಾಗಿ ತಿಂದ್ಬುಟ್ಟು ಹೋಯ್ತು. ನಂಗೆ ದುಡ್ಡಿಗಿಂತ ಹೆಚ್ಚಾಗಿ ಆ ಅಂಗಡಿಯೋನು ನಕ್ಕಿದ್ದು ಉರೀತದೆ. ಆನೆಗೆ ಕಿವುಡು ಇರ್ಬೇಕಮ್ಮ ಅಂದ!”

ದೂರು ಕೃಷ್ಣಗಿರಿಯ ಗ್ರಾಹಕರ ಆಯೋಗಕ್ಕೆ ಹೋಯಿತು. ವರ್ಷದ ಮೇಲೆ ವಾದಕ್ಕೆ ಬಂತು. ನಾನು ಮೂರು ಭಾನುವಾರ ಹಾಳುಮಾಡಿಕೊಂಡು, ಆನೆಯ ಶ್ರವಣಶಕ್ತಿಯನ್ನೂ ಸೇರಿಸಿ ನಲವತ್ತು ಪುಟಗಳ ವಾದ ಸಿದ್ಧಪಡಿಸಿದ್ದೆ. ಎದುರು ವಕೀಲರು ಎದ್ದು, “ಯಂತ್ರ ಸರಿಯಾಗಿಯೇ ಇದೆ. ಆನೆ ಹೆದರಲಿಲ್ಲ ಎಂಬುದಕ್ಕೆ ಏನು ಸಾಕ್ಷಿ?” ಎಂದು ತಮಿಳಿನಲ್ಲಿ ಕೇಳಿದರು. ಮುನಿಯಮ್ಮ ನನ್ನ ಕೋಟು ಜಗ್ಗಿ, “ಏನಂತೆ? ಆನೆನೇ ಕರ್ಕಂಬರ್ಬೇಕಂತಾ?” ಎಂದರು. ಅಧ್ಯಕ್ಷರಿಗೆ ಕನ್ನಡ ಎಷ್ಟು ತಿಳಿಯಿತೋ ಗೊತ್ತಿಲ್ಲ. ಕನ್ನಡಕ ಸರಿಪಡಿಸಿಕೊಂಡು, “ಯಂತ್ರವನ್ನು ಇಲ್ಲೇ ಒಮ್ಮೆ ಹಾಕಿ ತೋರಿಸಿ” ಎಂದುಬಿಟ್ಟರು.

ನಾನು ಗುಂಡಿ ಒತ್ತಿದೆ. ಹುಲಿ ಕೆಮ್ಮಿತು. ಗಂಟಲು ಕಟ್ಟಿದ ಮುದುಕರೊಬ್ಬರು ಪಕ್ಕದ ಕೋಣೆಯಿಂದ ಯಾರನ್ನೋ ಕರೆದಂತಿತ್ತು. ಅಷ್ಟರಲ್ಲಿ ಬಾಗಿಲು ತೆರೆಯಿತು. ಆಯೋಗದ ಅಟೆಂಡರು ತಲೆ ಹಾಕಿ, ವಿನಯದಿಂದ, “ಕೂಪ್ಟೀಂಗಳಾ ಸಾರ್?” ಎಂದ. ಕರೆದಿರಾ ಎಂದು!

ಅಧ್ಯಕ್ಷರು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು. ಎದುರು ವಕೀಲರು ಕಾಗದಗಳ ಹಿಂದೆ ಮುಖ ಮರೆಸಿಕೊಂಡರು, ಆದರೆ ಭುಜ ಕುಲುಕುವುದನ್ನು ಮರೆಸಲಾಗಲಿಲ್ಲ. ಅಂಗಡಿಯವನೊಬ್ಬನೇ ನಗಲಿಲ್ಲ. ಮುನಿಯಮ್ಮ ಅವನನ್ನೇ ನೋಡುತ್ತಾ ಕೂತಿದ್ದರು. ನನ್ನ ನಲವತ್ತು ಪುಟಗಳಲ್ಲಿ ನಾಲ್ಕು ಸಾಲೂ ಓದುವ ಅಗತ್ಯ ಬೀಳಲಿಲ್ಲ. ಮುಂದಿನ ತಿಂಗಳು ತೀರ್ಪು ನಮ್ಮ ಕಡೆಗೆ ಬಂತು. ಯಂತ್ರದ ಬೆಲೆ ವಾಪಸ್ಸು, ಜೊತೆಗೆ ಬೆಳೆ ನಷ್ಟಕ್ಕೆ ಪರಿಹಾರ.

ತೀರ್ಪಿನ ಪ್ರತಿ ಪಡೆಯಲು ಮುನಿಯಮ್ಮ ಆಯೋಗದ ಕಚೇರಿಗೆ ಬಂದಾಗ ತಲೆಯ ಮೇಲೆ ಒಂದು ಚೀಲ ಸೊಗಡಿನ ಅವರೆಕಾಯಿ ಇತ್ತು. ತಕ್ಷಣ ಹೆಂಡತಿಗೆ ಫೋನು ಮಾಡಿ, “ಇವತ್ತು ಬೇಳೆಸಾರು ಇಡಬೇಡ, ಅವರೆಕಾಯಿ ಬರ್ತಿದೆ” ಎಂದೆ. “ಇದೆಲ್ಲಾ ಯಾಕಮ್ಮ?” ಎನ್ನುತ್ತಾ ಚೀಲಕ್ಕೆ ಕೈ ಚಾಚಿದೆ.

“ಹೂಂ, ನೀವೇ ಒಸಿ ಎತ್ಕಳಿ ಸ್ವಾಮಿ, ನಂಗೆ ಮೆಟ್ಲು ಹತ್ತಕ್ಕಾಗಲ್ಲ,” ಎಂದರು ಮುನಿಯಮ್ಮ. “ಕೇಸು ಗೆದ್ದುಕೊಟ್ನಲ್ಲ, ಬಾಗ್ಲಾಗೆ ತಲೆ ಹಾಕ್ದ ಆಯಪ್ಪ, ಅವ್ನು ಎಲ್ಲಿ ಕೂತ್ಕಂತಾನೆ?”

ಕರಿಕೋಟು ತೊಟ್ಟೇ ಚೀಲ ಹೊತ್ತು ಮಹಡಿ ಹತ್ತಿದೆ. ಸಂಜೆ ಬರುವಾಗ ಮನೆಯಲ್ಲಿ ಕೊಟ್ಟ ಮಾತು ಉಳಿಸಿಕೊಳ್ಳಲು ಮತ್ತಿಗಿರಿಯ ರಸ್ತೆಬದಿಯಲ್ಲಿ ಎರಡು ಕಿಲೋ ಅವರೆಕಾಯಿ ಕೊಂಡೆ. ಸುಲಿದರೆ ಅರ್ಧಕ್ಕರ್ಧ ಹುಳುಕು. ಹೆಂಡತಿ ತಟ್ಟೆ ನನ್ನ ಕಡೆಗೆ ಸರಿಸಿ, “ಯಾರ ಮೇಲೆ ಕೇಸು ಹಾಕ್ತೀರಿ?” ಎಂದಳು. ನಾನು ಹುಳ ಆರಿಸತೊಡಗಿದೆ.