ನಿಲ್ಲಲು ಬಾರದ ಕಾರು

ಓಡದ ಕಾರಿನ ಯಜಮಾನನನ್ನು ಕಂಡರೆ ಜನ ಅಯ್ಯೋ ಪಾಪ ಎನ್ನುತ್ತಾರೆ. "ನನ್ನ ಕಾರು ಚೆನ್ನಾಗಿಯೇ ಓಡುತ್ತದೆ, ನಿಲ್ಲಲು ಮಾತ್ರ ಬರುವುದಿಲ್ಲ" ಎಂದು ಹೇಳಿ ನೋಡಿ, ನಿಮ್ಮ ತಲೆಯನ್ನೇ ಅನುಮಾನಿಸುತ್ತಾರೆ. ನನ್ನ ಹಳೆಯ ಕಾರಿಗೆ ಈಚೆಗೆ ಬಂದದ್ದು ಇದೇ ರೋಗ. ಆಕ್ಸಿಲರೇಟರ್ ಒತ್ತಿದಷ್ಟು ಹೊತ್ತು ಕುದುರೆ. ಕಾಲು ತೆಗೆದರೆ ಸಾಕು, ಇಂಜಿನ್ನಿನ ದನಿ ಇಳಿಯುತ್ತ ಇಳಿಯುತ್ತ ಗಡಗಡ ನಡುಗಿ ಬಂದ್ ಬೀಳುತ್ತಿತ್ತು.

ಯಲಬುರ್ಗಾದಲ್ಲಿ ಇದು ಸಣ್ಣ ತೊಂದರೆಯಲ್ಲ. ಪರಿಚಯದವರು ಎದುರಾದರೆ ಇಲ್ಲಿ ಗಾಡಿ ನಿಲ್ಲಿಸಿ, "ಊಟಾ ಆತೇನ್ರಿ?" ಎಂದು ಕೇಳಲೇಬೇಕು. ನಾನು ನಿಲ್ಲಿಸಲು ಹೆದರಿ ಬರೀ ಕೈಬೀಸಿ ಹೋಗತೊಡಗಿದೆ. "ಸಾಹೇಬ್ರಿಗೆ ಭಾಳ ಸೊಕ್ಕು ಬಂದೈತಿ" ಎಂಬ ಸುದ್ದಿ ನನ್ನ ಕಾರಿಗಿಂತ ಮೊದಲೇ ಕಚೇರಿ ಮುಟ್ಟಿತು. ಅಲ್ಲಿ ನಾನು ಬರೀ ಗುಮಾಸ್ತ. ಸೊಕ್ಕಿನ ನೆಪದಲ್ಲಿ ಸಾಹೇಬನಾದೆ.

ಆದರೆ ನನ್ನ ನಿಜವಾದ ಭಯವೆಲ್ಲ ಕಾರಟಗಿಯದು. ಅದು ನನ್ನ ಹೆಂಡತಿ ಶಾಂತಾಳ ತವರು. ಅಮಾವಾಸ್ಯೆ ಕಳೆದೊಡನೆ ಅಲ್ಲಿ ಅವಳ ಬಸುರಿ ತಂಗಿಯ ಕುಬುಸ, ಅಂದರೆ ಸೀಮಂತ. ಶಾಂತಾಳ ತಮ್ಮ ಮಲ್ಲೇಶನಿಗೆ ಸ್ವಂತ ಅಕ್ಕಿ ಗಿರಣಿಯಿದೆ, ಹೊಸ ಕಾರಿದೆ, ನನ್ನ ಕಾರನ್ನು ಕಂಡಾಗ ನಗಲೆಂದೇ ತೆಗೆದಿಟ್ಟ ಒಂದು ನಗುವೂ ಇದೆ. ಬೀಗರೆಲ್ಲ ನೋಡುತ್ತಿರುವಾಗ ಅವನ ಬಾಗಿಲಲ್ಲಿ ನನ್ನ ಕಾರು ಬಂದ್ ಬಿದ್ದರೆ ಮಾನ ಉಳಿಯುವುದುಂಟೆ? ನನಗೆ ನಿದ್ದೆಯೂ ಸರಿಯಾಗಿ ಬರುತ್ತಿರಲಿಲ್ಲ.

ಬಾನೆಟ್ ಎತ್ತಿದರೆ ನಮ್ಮ ಓಣಿಯಲ್ಲಿ ವೈದ್ಯರಿಗೇನೂ ಕೊರತೆಯಿಲ್ಲ. ಎದುರುಮನೆಯ ಮಾಸ್ತರರು ಬಗ್ಗಿ ನೋಡಿ, "ಪೆಟ್ರೋಲ್‌ನ್ಯಾಗ ನೀರು ಸೇರ್ಯಾವ್ರಿ" ಎಂದರು. ಹಾಲಿನ ನೀಲಮ್ಮ, "ದೃಷ್ಟಿ ಆಗೈತ್ರಿ, ನಿಂಬಿಹಣ್ಣು ಕಟ್ಟ್ರಿ" ಎಂದಳು. ಕಟ್ಟಿದೆ. ಕಾರು ನಡುಗಿದಾಗ ಈಗ ನಿಂಬೆಹಣ್ಣೂ ನಡುಗತೊಡಗಿತು. ಮೆಕ್ಯಾನಿಕ್ ಖಾಜಾಸಾಬ ಪ್ಲಗ್ ಬದಲಿಸಿ, ಫಿಲ್ಟರ್ ತೊಳೆದು, ಕೊನೆಗೆ ದೊಡ್ಡಾಸ್ಪತ್ರೆಯ ಡಾಕ್ಟರರ ಗತ್ತಿನಲ್ಲಿ, "ಇನ್ನ ಇಂಜಿನ್ ಇಳಿಸಿ ನೋಡೂದೊಂದ ಉಳದೈತ್ರಿ" ಎಂದ. ನನ್ನ ಎದೆಯೇ ಕೆಳಗಿಳಿಯಿತು.

ಅಷ್ಟರಲ್ಲಿ ಅಮಾವಾಸ್ಯೆ ಬಂತು. ಪ್ರತಿ ಅಮಾವಾಸ್ಯೆಗೂ ನಮ್ಮಲ್ಲಿ ಗಾಡಿಗೆ ಪೂಜೆ ತಪ್ಪುವುದಿಲ್ಲ. ಪೂಜೆಯ ಹೊತ್ತಿಗೆ ಇಂಜಿನ್ ಚಾಲೂ ಇರಬೇಕೆಂಬುದು ನಾನೇ ಹುಟ್ಟಿಸಿದ ಶಾಸ್ತ್ರ. ಅದಕ್ಕಾಗಿ ನಾನು ಒಳಗೆ ಕೂತು ಆಕ್ಸಿಲರೇಟರ್ ತುಳಿಯುತ್ತಿದ್ದೆ. ಶಾಂತಾ ಹೊರಗೆ ಬಾನೆಟ್ ಎತ್ತಿ ಇಂಜಿನ್ನಿಗೆ ವಿಭೂತಿ, ಕುಂಕುಮ ಹಚ್ಚುತ್ತಿದ್ದಳು.

"ಊದಿನಕಡ್ಡಿ ಎಲ್ಲಿ ಚುಚ್ಚಲ್ರಿ?"

"ಹೋದ ಅಮಾಸಿಗೆ ನಾ ಸಿಗಿಸಿದ್ನಲ್ಲ, ಆ ರಬ್ಬರ್ ಪೈಪಿನ ಸಂದ್ಯಾಗ. ಅದರ ಸಲುವಾಗೇ ಮಾಡಿಟ್ಟಂಗೈತಿ."

ಅವಳು ಕಡ್ಡಿ ಹಚ್ಚಿ ಸಿಗಿಸಿದಳು. ಆಮೇಲೆ ಬಾನೆಟ್ಟಿನ ಆಚೆಯಿಂದ ಅವಳ ದನಿ ಬಂತು. "ಏನ್ರಿ, ಹೊಗಿ ಮ್ಯಾಲೆ ಹೋಗವಲ್ದು, ಪೈಪಿನೊಳಗ ಹೊಂಟೈತಿ! ನಿಮ್ಮ ಇಂಜಿನ್ ಊದಿನಕಡ್ಡಿ ಸೇದಾಕತ್ತೈತ್ರಿ! ಇಲ್ಲಿ ಸುಟ್ಟು ತೂತು ಬಿದ್ದೈತಿ."

"ತೂತಿನ ಮ್ಯಾಲೆ ಬೆರಳಿಡು" ಎಂದೆ. ಇಟ್ಟಳು. ನಾನು ಉಸಿರು ಹಿಡಿದು ಕಾಲು ತೆಗೆದೆ. ಇಂಜಿನ್ ನಡುಗಲಿಲ್ಲ, ಬಂದ್ ಬೀಳಲಿಲ್ಲ; ಹಾಲು ಕುಡಿದ ಬೆಕ್ಕಿನಂತೆ ಗುರುಗುಟ್ಟುತ್ತ ನಿಂತಿತು. ನನ್ನ ಭಕ್ತಿ ಕೊರೆದ ತೂತಿನಿಂದ ಬೇಡದ ಗಾಳಿ ಒಳಗೆ ನುಗ್ಗುತ್ತಿತ್ತು, ಅಷ್ಟೇ. ಖಾಜಾಸಾಬ ಪೈಪು ಬದಲಿಸಿ, "ನಾನೂ ಅದನ್ನ ಹೇಳಾವ ಇದ್ದೆ" ಎಂದ.

ಕಾರಟಗಿಯಲ್ಲಿ ಮಲ್ಲೇಶನ ಬಾಗಿಲಿಗೆ ಕಾರು ನಿಲ್ಲಿಸಿ, ಬೇಕೆಂದೇ ಇಂಜಿನ್ ಆರಿಸದೆ ಕೂತೆ. ಅವನೇ ಬಂದು, "ಮಾವಾರ, ಬಂದ್ ಮಾಡಿ ಇಳೀರಿ, ಉಣ್ಣಾಕ ಎಲ್ಲಾರೂ ಕಾಯಾಕತ್ತ್ಯಾರ" ಎಂದ. ಆ ನಗು ಇರಲಿಲ್ಲ. ಹೋಳಿಗೆ ಅಂದು ಎಂದಿಗಿಂತ ರುಚಿಯಾಗಿತ್ತು.

ಉಂಡ ಮೇಲೆ ಮನೆಯ ಅಳಿಯನಾದ ನನಗೆ ಆಯೇರಿ, ಅಂದರೆ ಬಟ್ಟೆಬರೆಯ ಉಡುಗೊರೆ. ನಾನು ಪಡಸಾಲೆಯಲ್ಲಿ ಗೆದ್ದು ಬೀಗುತ್ತಿದ್ದಾಗ ಶಾಂತಾ ಅಡುಗೆಮನೆಯಲ್ಲಿ ಏನೇನು ಹೇಳಿದ್ದಳೋ, ಹೆಂಗಸರೆಲ್ಲ ಬಾಯಿಗೆ ಸೆರಗು ಹಿಡಿದು ನಿಂತಿದ್ದರು. ಮಲ್ಲೇಶ ಬಲು ಗಂಭೀರವಾಗಿ ತಟ್ಟೆ ಹಿಡಿದು ಬಂದ. ಧೋತರ, ಟವೆಲ್ಲು, ಅದರ ಮೇಲೆ ಕುಂಕುಮ ಹಚ್ಚಿದ ಹಿತ್ತಾಳೆಯ ಹೊಸ ಊದಿನಕಡ್ಡಿ ಸ್ಟ್ಯಾಂಡು.